ನಿಮ್ಮ ಗಾಡಿಗೆ ಒಳ್ಳೆ ದನಿ ಬಂದಿದೆ

ಕ್ಯೋತೊ ನಗರದ ನಿಶಿಜಿನ್ ಕಡೆಯ ಆ ಓಣಿಯಲ್ಲಿ ಬೈಗುಳಕ್ಕೆ ಯಾರೂ ಹೆದರುವುದಿಲ್ಲ, ಹೆದರುವುದು ಹೊಗಳಿಕೆಗೆ. "ನಿಮ್ಮ ನಾಯಿ ಎಷ್ಟು ಗಟ್ಟಿಮುಟ್ಟಾಗಿದೆ ಕಣ್ರೀ" ಎಂದು ಪಕ್ಕದ ಮನೆಯವರು ಅಂದರೆ, ಅದರ ಬೊಗಳಾಟ ಸಾಕಾಗಿದೆ ಎಂದರ್ಥ. "ನಿಮ್ಮ ಅಂಗಳದ ಮರ ಚೆನ್ನಾಗಿ ಹಬ್ಬಿದೆ" ಅಂದರೆ, ಅದರ ಎಲೆ ಗುಡಿಸಿ ಗುಡಿಸಿ ನಮ್ಮ ಸೊಂಟ ಬಿದ್ದಿದೆ ಎಂದರ್ಥ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾನ ತೆಗೆಯುವ ಜನ. ತೆಗೆದದ್ದು ನಿಮಗೆ ತಿಳಿಯದಿದ್ದರೆ ನೀವು ಹೊರಗಿನವರು. ತಿಳಿದು ಸಿಟ್ಟು ಮಾಡಿಕೊಂಡರೆ ಹೊರಗಿನವರಿಗಿಂತ ಕಡೆ. ತಿಳಿದು, ನಕ್ಕು, ತಲೆಬಾಗಿ, ಮರುದಿನ ಮರ ಕಡಿಸಬೇಕು. ಅದು ಮರ್ಯಾದೆ.

ಕುಜೆ ಮಿತ್ಸುರು ಈ ಓಣಿಯಲ್ಲೇ ಹುಟ್ಟಿ ಬೆಳೆದವನು. ವಯಸ್ಸು ಐವತ್ನಾಲ್ಕು. ತಾತನಂತೆ, ಅಪ್ಪನಂತೆ ಇವನೂ ಮಗ್ಗ ರಿಪೇರಿಯವನು. ಮಗ್ಗಗಳು ಒಂದೊಂದಾಗಿ ನಿಂತು, ಓಣಿಯ ಖಟಪಟ ಅಡಗಿ, ಈಗ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಸಿಟ್ಟು ಮಾತ್ರ ಕಡಿಮೆಯಾಗಿರಲಿಲ್ಲ; ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬೇರೆಯವರ ಮಾತಿನ ಒಳಗನ್ನು ಓದುವುದು ಅವನಿಗೆ ತಾಯಿಯ ಹಾಲಿನ ಜೊತೆಯಲ್ಲೇ ಬಂದಿತ್ತು. ಓದಿದ ಮೇಲೆ ನಗುವುದೊಂದು ಬಂದಿರಲಿಲ್ಲ.

ಅವನಿಗಿದ್ದದ್ದು ಒಂದೇ ಹುಚ್ಚು, ಕಾರು. ಎರಡು ಬಾಗಿಲಿನ, ಮೂವತ್ತು ವರ್ಷ ಹಳೆಯ ಸಣ್ಣ ಕಾರು. ಅದನ್ನು ನಿಲ್ಲಿಸುತ್ತಿದ್ದುದು ಇಕುತಾ ಫುಸಾ ಎಂಬ ಎಪ್ಪತ್ತಾರರ ವಿಧವೆಯ ಜಾಗದಲ್ಲಿ. ಗಂಡ ಸತ್ತ ಮೇಲೆ ಆಕೆ ಮನೆಯ ಮಗ್ಗುಲಿನ ನೇಯ್ಗೆ ಕೊಟ್ಟಿಗೆಯನ್ನು ಕೆಡವಿಸಿ, ಜಲ್ಲಿ ಹರಡಿ, ನಾಲ್ಕು ಕಾರುಗಳಿಗೆ ಜಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದಳು. ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಗೆ ಕಾಗದ ತೋರಿಸದವನು ಈ ದೇಶದಲ್ಲಿ ಕಾರು ಇಟ್ಟುಕೊಳ್ಳುವ ಹಾಗಿಲ್ಲ. ಸುತ್ತಮುತ್ತ ಬೇರೆ ಕಡೆ ಜಾಗ ಕೇಳಿದರೆ ಬಾಡಿಗೆ ಮೂರು ಪಟ್ಟು, ಅದೂ ಖಾಲಿಯಿಲ್ಲ. ಇಕುತಾ ಅಜ್ಜಿಯ ಜಾಗ ಹೋಯಿತೆಂದರೆ ಮಿತ್ಸುರುವಿನ ಕಾರೂ ಹೋಯಿತು. ಇದು ಅವನಿಗೂ ಗೊತ್ತಿತ್ತು, ಅವನ ಹೆಂಡತಿ ರಿತ್ಸುಕೊಗೂ ಗೊತ್ತಿತ್ತು.

ಆ ಅಜ್ಜಿಯೋ, ಓಣಿಯವರು ಹಿಂದಿನಿಂದ 'ಸೂಜಿ' ಎಂದು ಕರೆಯುತ್ತಿದ್ದವಳು. ಅವಳಷ್ಟು ನಯವಾಗಿ, ನಗುನಗುತ್ತ ಚುಚ್ಚುವವರು ಇನ್ನೊಬ್ಬರಿರಲಿಲ್ಲ. ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯ ಮಾಕಿತಾ ಅವರ ಮಗಳು ಹಿಂದೆ ಸಂಜೆ ಹೊತ್ತು ಹಾಡು ಕಲಿಯುತ್ತಿದ್ದಳು. ಅಜ್ಜಿ ಒಂದು ದಿನ ಬಾಗಿಲಲ್ಲಿ ನಿಂತು, "ನಿಮ್ಮ ಹುಡುಗಿ ಹಾಡಿದ್ರೆ ನನಗೆ ಒಲೆ ಮೇಲಿಟ್ಟದ್ದೂ ಮರೆತುಹೋಗುತ್ತೆ" ಅಂದಳು. ಆ ಹುಡುಗಿ ಮತ್ತೆ ಬಾಯಿ ತೆರೆಯಲಿಲ್ಲ. ಮಿತ್ಸುರುವಿನ ತಾಯಿ ವರ್ಷವರ್ಷವೂ ಚಳಿಗಾಲದಲ್ಲಿ ಗೆಡ್ಡೆಯ ಉಪ್ಪಿನಕಾಯಿ ಹಾಕಿ ಮನೆಮನೆಗೆ ಕೊಡುತ್ತಿದ್ದವಳು, "ನಿಮ್ಮ ಕೈಯ ಉಪ್ಪಿನಕಾಯಿ ತಿಂದ ಮೇಲೆ ಬೇರೆ ಏನೂ ಬೇಡ ಅನ್ಸುತ್ತೆ" ಎಂಬ ಒಂದು ಮಾತು ಕೇಳಿ ಆ ಮನೆಗೆ ಕಳಿಸುವುದನ್ನು ನಿಲ್ಲಿಸಿದ್ದಳು.

ಕಳೆದ ಮಾರ್ಚಿನಲ್ಲಿ ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ಹೊಟ್ಟೆ ಒಡೆದುಕೊಂಡಿತು. ಒಡೆದ ಬಾಣಲೆಯನ್ನು ಕಲ್ಲಿನ ಮೇಲೆ ಎಳೆದ ಹಾಗೆ ಸದ್ದು. ಅಂಗಡಿಯಲ್ಲಿ ಸಿದ್ಧ ಸೈಲೆನ್ಸರಿಗೆ ಎಂಬತ್ತು ಸಾವಿರ ಯೆನ್ ಕೇಳಿದರು.

"ಐದು ಸಾವಿರ," ಅಂದಳು ರಿತ್ಸುಕೊ. "ಅದರ ಮೇಲೆ ಒಂದು ಯೆನ್ ದಾಟಿದ್ರೆ ನಿಮ್ಮ ಊಟ ಕಾರಲ್ಲೇ, ನಿದ್ದೆಯೂ ಅಲ್ಲೇ."

"ಐದು ಸಾವಿರಕ್ಕೆ ಸೈಲೆನ್ಸರ್ ಅಲ್ಲ ಕಣೆ, ಅದರ ನಟ್ಟು ಬರುತ್ತೆ."

"ನಟ್ಟು ತಗೊಂಡು ಉಳಿದದ್ದು ಮಾಡ್ಕೊಳ್ಳಿ. ಮಗ್ಗ ಕಟ್ಟೋ ಕೈ ಅಂತ ಕೊಚ್ಕೋತೀರಲ್ಲ."

ಅವಳು ಹಂಗಿಸಿದ್ದನ್ನೇ ಮಿತ್ಸುರು ಹಟಕ್ಕೆ ತೆಗೆದುಕೊಂಡ. ಬರಿಯ ಸದ್ದಡಗಿಸುವುದಲ್ಲ, ಆ ಕಾರಿಗೆ ಹುಟ್ಟಿನಿಂದ ಇಲ್ಲದ ದನಿಯನ್ನೇ ಕೊಡುತ್ತೇನೆ ಎಂದುಕೊಂಡ. ಮಾಕಿತಾ ಅವರ ಬಣ್ಣದ ಮನೆಯಲ್ಲಿ ಹಬೆ ಹಾಯಿಸುತ್ತಿದ್ದ ಸ್ಟೀಲ್ ಕೊಳವೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಎರಡು ಕೊಳವೆ ತಂದ. ಅಲ್ಲೇ ಬಿದ್ದಿದ್ದ, ನೂಲು ಸೋಸುವ ತೂತು ತಗಡನ್ನು ತಂದು ಸುರುಳಿ ಸುತ್ತಿ ಒಳಗೊಳವೆ ಮಾಡಿದ. ಹೊರಗಿನ ಡಬ್ಬಕ್ಕೆ ಮುಚ್ಚಳವಿಲ್ಲದ ಒಂದು ಸ್ಟೀಲ್ ಪೀಪಾಯಿ. ಎರಡರ ನಡುವೆ ತುಂಬಲು, ಹಬೆ ಕೊಳವೆಗೆ ಸುತ್ತಿದ್ದ ಗಾಜಿನ ಹತ್ತಿ. ದುಡ್ಡು ಕೊಟ್ಟು ತಂದದ್ದು ವೆಲ್ಡಿಂಗ್ ಕಡ್ಡಿ, ನಾಲ್ಕು ಬೋಲ್ಟು, ಎರಡು ರಬ್ಬರು ಇಷ್ಟೇ.

ಮೂರು ಭಾನುವಾರ ಹಿಡಿಯಿತು. ಮೊದಲನೆಯ ಭಾನುವಾರದ ದನಿ ತಗ್ಗಿತ್ತು, ಆದರೆ ಒರಟು. ಎರಡನೆಯದರಲ್ಲಿ ಒರಟು ಹೋಯಿತು. ಕಾರು ಒಂದು ವೇಗಕ್ಕೆ ಬಂದ ಕೂಡಲೇ ಒಳಗೆ ಕೂತವರ ತಲೆಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್‌ಗುಡುವುದು ಉಳಿಯಿತು. ಇಂಥ ಗುಂಯ್‌ಕಾರ ಮಗ್ಗದಲ್ಲೂ ಬರುತ್ತದೆ, ಮಿತ್ಸುರುವಿಗೆ ಅದರ ಮದ್ದು ಗೊತ್ತಿತ್ತು. ಎದುರು ದನಿ ಕೊಟ್ಟು ಅದನ್ನು ಕೊಲ್ಲಬೇಕು. ಮುಖ್ಯ ಕೊಳವೆಯ ಪಕ್ಕಕ್ಕೆ ಇನ್ನೊಂದು ಕೊಳವೆ ಬೆಸೆದ. ಅದರ ಒಳಗೆ ಮುಂದಕ್ಕೂ ಹಿಂದಕ್ಕೂ ಸರಿಯುವ ಒಂದು ಬಿರಡೆ ಇಟ್ಟು, ಬಿರಡೆಗೆ ಉದ್ದ ಕೋಲು ಸಿಕ್ಕಿಸಿ, ರಿತ್ಸುಕೊಳನ್ನು ಕಾರಿನೊಳಗೆ ಕೂರಿಸಿದ.

"ಆಕ್ಸಿಲರೇಟರ್ ಒತ್ತು. ಎಂಜಿನ್ ಮುಳ್ಳು ಎರಡೂವರೆ ಸಾವಿರಕ್ಕೆ ನಿಲ್ಬೇಕು. ಅಲ್ಲಾಡಬಾರದು."

"ಕಾಲು ಜೋಮು ಹಿಡೀತು."

"ಹಿಡೀಲಿ."

"ಮದುವೆ ಆಗುವಾಗ ಇದನ್ನೊಂದು ಹೇಳಿದ್ರೆ ಚೆನ್ನಾಗಿತ್ತು."

ಅವನು ಕಾರಿನ ಹಿಂದೆ ಜಲ್ಲಿಯ ಮೇಲೆ ಅಂಗಾತ ಮಲಗಿ ಕೋಲನ್ನು ಬೆರಳಿನಷ್ಟು ಬೆರಳಿನಷ್ಟು ತಳ್ಳಿದ. ಗುಂಯ್‌ಕಾರ ದಪ್ಪವಾಯಿತು, ಕಿವಿ ಒಡೆಯುವಂತಾಯಿತು, ತೆಳ್ಳಗಾಯಿತು. ಒಂದು ಜಾಗದಲ್ಲಿ ಅದು ಇದ್ದಕ್ಕಿದ್ದಂತೆ ಮಾಯವಾಯಿತು, ಯಾರೋ ಕೋಣೆಯಿಂದ ಎದ್ದು ಹೋದ ಹಾಗೆ. ಕೋಲಿಗೆ ಅಲ್ಲೇ ಗುರುತು ಹಾಕಿ, ಮೂರನೆಯ ಭಾನುವಾರ ಆ ಅಳತೆಗೆ ಕೊಳವೆ ಕತ್ತರಿಸಿ ಬಾಯಿ ಬೆಸೆದ. ಸರ್ಕಾರದ ತಪಾಸಣೆಯವರು ಬಳಸುವಂಥ ಸದ್ದಿನ ಮಾಪಕವನ್ನು ಪರಿಚಯದವನಿಂದ ಕೇಳಿ ತಂದು ಹಿಡಿದು ನೋಡಿದ. ಮಿತಿಗಿಂತ ಕೆಳಗೇ ಇತ್ತು. ಕೀಲಿ ತಿರುಗಿಸಿದ. ಗಂಟಲಿನಿಂದಲ್ಲ, ಹೊಟ್ಟೆಯ ಬುಡದಿಂದ ಬಂದ ದನಿ. ಜೋರಿಲ್ಲ. ತಗ್ಗಿನಲ್ಲಿ, ದುಂಡಗೆ, ಒಂದಿಷ್ಟೂ ಸೀಳಿಲ್ಲದೆ. ಮಿತ್ಸುರು ಎಂಜಿನ್ ಆರಿಸಿ ಮತ್ತೆ ಹಚ್ಚಿದ. ಮೂವತ್ತು ವರ್ಷದಲ್ಲಿ ತಾನು ಕೈಯಾರೆ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದು ಅವನಿಗೆ ನೆನಪಾಗಲಿಲ್ಲ.

ಮರುದಿನ ಬೆಳಗ್ಗೆ ಏಳೂವರೆಗೆ ಅವನು ಕಾರು ತೆಗೆಯುವಾಗ ಇಕುತಾ ಅಜ್ಜಿ ಅಡುಗೆಮನೆಯ ಕಿಟಕಿ ಸರಿಸಿದಳು. ಕಿಟಕಿ ಜಾಗದ ಕಡೆಗೇ ಇತ್ತು.

"ಕುಜೆ-ಸಾನ್," ಎಂದು ಮನೆತನದ ಹೆಸರಿಗೆ ಗೌರವದ 'ಸಾನ್' ಸೇರಿಸಿ ಅಂದಳು ನಗುತ್ತ, "ನಿಮ್ಮ ಗಾಡಿಗೆ ಒಳ್ಳೆ ದನಿ ಬಂದಿದೆ. ದಿನಾ ಕೇಳ್ಬೇಕು ಅನ್ಸುತ್ತೆ."

ಮಿತ್ಸುರುವಿಗೆ ಮಾತಿನ ಒಳಗು ತಿಳಿಯಿತು. ತಲೆಬಾಗಿಸಿದ, ಹೊರಟುಹೋದ. ದಾರಿಯುದ್ದಕ್ಕೂ ಆ ದನಿಯಲ್ಲಿ ಅವನಿಗೆ ಮೊದಲಿನ ರುಚಿ ಸಿಗಲಿಲ್ಲ.

"ಮುಗೀತು ಬಿಡಿ," ಅಂದಳು ರಿತ್ಸುಕೊ, ಸಂಜೆ ಅವನು ಹೇಳಿದ್ದನ್ನು ಕೇಳಿ. ಅವಳೂ ಎರಡು ಓಣಿ ಆಚೆ ಹುಟ್ಟಿದವಳು. "ದಿನಾ ಕೇಳ್ಬೇಕು ಅಂದ್ರಾ? ದಿನಾ ಅಂದ್ರೆ, ದಿನಾ ಸಹಿಸೋಕಾಗಲ್ಲ ಅಂತ. ಜಾಗ ಬಿಡಿ ಅಂತ ಹೇಳೋದು ಇನ್ನು ಹೇಗೆ?"

"ಮಾಪಕ ಹಿಡಿದು ನೋಡಿದೀನಿ. ಕಾನೂನಿನ ಒಳಗಿದೆ."

"ಸೂಜಿಗೆ ಕಾನೂನು ಹೇಳ್ತೀರಾ? ಜಾಗ ಅವರದು."

ಮರ್ಯಾದೆ ಏನೆಂದು ಮಿತ್ಸುರುವಿಗೆ ತಿಳಿದಿತ್ತು. ಹಲ್ಲು ಕಚ್ಚಿಕೊಂಡು ಪೇಟೆಗೆ ಹೋಗಿ, ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಉಂಡೆಗಳನ್ನು ಆರು ತಂದ. ತಪಾಸಣೆಗೆ ಹೋಗುವ ಹಿಂದಿನ ದಿನ ಗದ್ದಲದ ಕಾರಿನವರು ಮಾಡುವ ಉಪಾಯ ಇದು. ಅವನ್ನು ಒಂದೊಂದಾಗಿ ಕೊಳವೆಯ ಬಾಯಿಗೆ ತುರುಕಿ, ಆಚೆ ಬರದ ಹಾಗೆ ಅಡ್ಡ ತಂತಿ ಕಟ್ಟಿದ. ತಾನೇ ಕಟ್ಟಿದ ದನಿಗೆ ತಾನೇ ಬಾಯಿಬಟ್ಟೆ ಬಿಗಿದ. ಕಾರು ಶೀತ ಹಿಡಿದ ಮುದುಕನ ಹಾಗೆ ಉಸಿರಾಡತೊಡಗಿತು. ಏರು ಬಂದರೆ ಎಳೆಯುತ್ತಿರಲಿಲ್ಲ. ಆದರೂ ಎರಡು ದಿನ ಹಾಗೇ ಓಡಿಸಿದ.

ಮೂರನೆಯ ದಿನ ಕಿಟಕಿ ಮತ್ತೆ ಸರಿಯಿತು.

"ಕುಜೆ-ಸಾನ್, ಏನಾಯ್ತು ಗಾಡಿಗೆ? ಎರಡು ದಿನದಿಂದ ಸದ್ದೇ ಇಲ್ಲ. ಆ ದನಿ ಇಲ್ದೆ ನನಗೆ ಬೆಳಗಾದ ಹಾಗೇ ಇಲ್ಲ."

ಇದು ಅತಿಯಾಯಿತು. ಓಣಿಯ ನಿಯಮದಲ್ಲೂ ಒಂದು ಮಿತಿಯಿದೆ: ಚುಚ್ಚಿದಾಗ ಎದುರಿನವನು ತಗ್ಗಿದ ಮೇಲೆ ಸುಮ್ಮನಾಗಬೇಕು. ತಗ್ಗಿದವನ ಗಾಯದ ಮೇಲೆ ಉಪ್ಪು ಸವರುವುದು ಸೂಜಿಗೂ ಸಲ್ಲದು. ಮಿತ್ಸುರು ಅದನ್ನು ಕೇಳಿ ಕಾರಿನಿಂದ ಇಳಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಓಣಿಯ ಭಾಷೆಯಲ್ಲೇ ತಿರುಗಿಸಿಕೊಟ್ಟ.

"ನಿಮ್ಮ ಕಿವಿ ಎಷ್ಟು ಚುರುಕು, ಇಕುತಾ-ಸಾನ್. ಈ ವಯಸ್ಸಲ್ಲಿ ಇಂಥ ಕಿವಿ ಯಾರಿಗಿದೆ."

ಅಜ್ಜಿ ಒಂದು ಗಳಿಗೆ ಅವನನ್ನೇ ನೋಡಿದಳು. ನಗು ಅಳಿಸಿಹೋಯಿತು. ಕಿಟಕಿ ಮುಚ್ಚಿಕೊಂಡಿತು. ತಗುಲಿತು ಎಂದುಕೊಂಡು ಮಿತ್ಸುರು ಖುಷಿಪಟ್ಟ. ಅದೇ ಖುಷಿಯಲ್ಲಿ ಅವತ್ತು ಕೆಲಸದಿಂದ ಬೇಗ ಬಂದು, ನಾರಿನ ಉಂಡೆಗಳನ್ನಷ್ಟೇ ಅಲ್ಲ, ಪೀಪಾಯಿಯನ್ನು, ತೂತು ತಗಡನ್ನು, ಪಕ್ಕದ ಕೊಳವೆಯನ್ನು, ಎಲ್ಲವನ್ನೂ ಬಿಚ್ಚಿ ಕೆಳಗಿಟ್ಟ. ಅವುಗಳ ಜಾಗಕ್ಕೆ ಒಂದು ನೆಟ್ಟನೆಯ ಖಾಲಿ ಕೊಳವೆ ಸಿಕ್ಕಿಸಿದ.

"ಜಾಗ ಹೇಗೂ ಹೋಗುತ್ತಲ್ಲ," ಅಂದ ರಿತ್ಸುಕೊಗೆ. "ಹೋಗೋ ಮುಂಚೆ ಆ ಮುದುಕಿಗೆ ದನಿ ಅಂದ್ರೆ ಏನು ಅಂತ ತೋರಿಸ್ತೀನಿ."

"ಜಾಗ ಹೋಗಿಲ್ಲ ಇನ್ನೂ. ನೀವೇ ಕೈಯಾರೆ ಕಳೀತಿದೀರಿ."

"ಹೋಗಿದೆ. ನೀನೇ ತಾನೆ ಅಂದದ್ದು?"

ಮರುದಿನ ಏಳೂವರೆಗೆ ಅವನು ಕೀಲಿ ತಿರುಗಿಸಿದಾಗ ಓಣಿಯ ಗಾಜುಗಳೆಲ್ಲ ಅದುರಿದವು. ಕಿಟಕಿಗೆ ಹಿಂಬದಿ ಮಾಡಿ ಕಾರು ನಿಲ್ಲಿಸಿ ಮೂರು ಸಲ ಆಕ್ಸಿಲರೇಟರ್ ಒತ್ತಿದ. ತಗಡಿನ ಮೇಲೆ ಕಲ್ಲು ಸುರಿದಂತೆ, ಕೇಳುವವರ ಹಲ್ಲು ಜುಮ್ಮೆನ್ನುವಂತೆ, ಹೊಲಸು ಸದ್ದು. ಅವನ ಕಿವಿಗೇ ಅದು ಅಸಹ್ಯವಾಗಿತ್ತು. ನಾಲ್ಕು ದಿನ ಹೀಗೆ ಮಾಡಿದ. ಎದುರು ಮನೆಯ ಮುದುಕ, "ಕುಜೆ-ಸಾನ್ ಮನೇಲಿ ಎಲ್ಲ ಆರೋಗ್ಯವಾಗಿದಾರೆ ಅಂತ ದೂರದಿಂದಲೇ ಗೊತ್ತಾಗುತ್ತೆ" ಅಂದ. ಮಾಕಿತಾ ಮನೆಯಾಕೆ ರಿತ್ಸುಕೊಳನ್ನು ತಡೆದು, "ನಿಮ್ಮವರಿಗೆ ಎಷ್ಟು ಹುಮ್ಮಸ್ಸು" ಅಂದಳು. ರಿತ್ಸುಕೊ ಎಲ್ಲರಿಗೂ ತಲೆಬಾಗಿ ಬಂದು ಗಂಡನ ಅನ್ನದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

ಐದನೆಯ ದಿನ ಕಿಟಕಿ ತೆರೆಯಲಿಲ್ಲ, ಬಾಗಿಲು ತೆರೆಯಿತು. ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಜಲ್ಲಿ ತುಳಿದು ಬಂದು ಕಾರಿನ ಮುಂದೆ ನಿಂತಳು.

"ಆರಿಸಿ," ಅಂದಳು. ಆರಿಸಿದ.

"ಇದು ಚೆನ್ನಾಗಿಲ್ಲ, ಕುಜೆ-ಸಾನ್. ಕೆಟ್ಟದಾಗಿದೆ. ಮೊದಲಿನದನ್ನೇ ಹಾಕಿ."

ಮಿತ್ಸುರುವಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಚೆನ್ನಾಗಿಲ್ಲ, ಕೆಟ್ಟದಾಗಿದೆ. ಈ ಓಣಿಯಲ್ಲಿ ಯಾರೂ ಯಾರಿಗೂ ಮುಖದ ಮೇಲೆ ಹೀಗೆ ಅಂದದ್ದನ್ನು ಅವನು ಐವತ್ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಇದು ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತ ಹಾಗೆ. ಮನೆಗಳ ಮುಂದಿನ ಮರದ ಜಾಲರಿಗಳ ಹಿಂದೆ ಓಣಿ ಉಸಿರು ಬಿಗಿಹಿಡಿದದ್ದು ಅವನಿಗೆ ಬೆನ್ನಿನಲ್ಲೇ ತಿಳಿಯಿತು.

"ಮೊದಲಿನದನ್ನ ನೀವು ಹೊಗಳಿದ್ರಲ್ಲ," ಅಂದ ಕಾರಿನಿಂದ ಇಳಿಯುತ್ತ. "ಅದಕ್ಕೇ ತೆಗೆದೆ."

"ಹೊಗಳಿದ್ರೆ ಯಾಕೆ ತೆಗೀತೀರಿ?"

"ನಾಟಕ ಸಾಕು ಇಕುತಾ-ಸಾನ್. ಹೊಗಳಿ ಬಾಯಿ ಮುಚ್ಚಿಸಿದ್ರಿ. ಮುಚ್ಚಿದ ಮೇಲೂ ಬಿಡ್ಲಿಲ್ಲ, ಕೆಣಕಿದ್ರಿ. ಜಾಗ ಬೇಕಿದ್ರೆ ನೇರವಾಗಿ ಕೇಳಿ."

ಅಜ್ಜಿಯ ಮುಖ ಕೆಂಪೇರಿತು. ಬಾಯಿ ತೆರೆದಾಗ ಅದರಿಂದ ಬಂದದ್ದು ಓಣಿಯ ಮಾತಲ್ಲ. ಐವತ್ತೊಂದು ವರ್ಷದ ಹಿಂದೆ ಕ್ಯೂಶೂ ದ್ವೀಪದ ತೆಂಕಣ ತುದಿಯ ಹಳ್ಳಿಯೊಂದರಿಂದ ಆಕೆ ಮದುವೆಯಾಗಿ ಬಂದಿದ್ದಳು. ಬಂದ ಎರಡು ವರ್ಷಕ್ಕೆ ಇಲ್ಲಿಯ ಮಾತನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಅವಳು ಹೊರಗಿನವಳು ಎಂಬುದನ್ನೇ ಓಣಿ ಮರೆತುಬಿಟ್ಟಿತ್ತು. ಈಗ ಹುಟ್ಟೂರಿನ ಮಾತು ಗಂಟಲು ಹರಿದುಕೊಂಡು ಹೊರಬಿತ್ತು.

"ಏನ ನಾಟಕ? ಯಾರ ನಾಟಕ? ನಾ ಚಲೋ ಅಂದ್ರ ಚಲೋ ಅಂತನ ಅರ್ಥ. ನಮ್ಮೂರಾಗ ನಾಲಿಗಿಗೆ ಒಂದ ತುದಿ ಇರ್ತದ, ನಿಮ್ಮೂರಾಗ ಹಾವಿನಂಗ ಎರಡ ಅದಾವೇನು? ನನ್ನ ಕಿವಿ ಹೋಗ್ಯಾವ. ಕೆಟಲಿ ಸೀಟಿ ಹೊಡದ್ರ ಕೇಳಂಗಿಲ್ಲ, ಬಾಗಲ ಗಂಟಿ ಕೇಳಂಗಿಲ್ಲ, ಹಕ್ಕಿ ಕೂಗಿದ್ದು ಕೇಳಿ ಆರು ವರ್ಷ ಆತು. ನಿನ್ನ ಗಾಡಿ ದನಿ ಒಂದ ಕೇಳ್ತಿತ್ತು, ಎದಿಯೊಳಗ ಬಂದು ಕೇಳ್ತಿತ್ತು. ಅದಕ್ಕ ಚಲೋ ಅಂದೆ. ಅದನ್ನ ನಿಲ್ಲಿಸಿದಿ, ಯಾಕ ನಿಲ್ಲಿಸಿದಿ ಅಂತ ಕೇಳಿದೆ. ಅದಕ್ಕ ನೀ ಏನಂದಿ? ನನ್ನ ಕಿವಿ ಚುರುಕದ ಅಂತ ಕಿವುಡಿಗೆ ಅಣಕ ಮಾಡಿದಿ."

ಅವಳು ಹೇಳುತ್ತಿರುವುದು ನಿಜ ಎಂದು ಮಿತ್ಸುರುವಿಗೆ ಮೊದಲ ಮಾತಿಗೇ ಗೊತ್ತಾಗಿತ್ತು. ಅಂಥ ಮಾತನ್ನು ಕಟ್ಟಿ ಹೇಳಲು ಬರುವುದಿಲ್ಲ. ಅಲ್ಲೇ ತಲೆಬಾಗಿಸಿ, ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಜಾಗವೂ ಉಳಿಯುತ್ತಿತ್ತು, ಕಾರೂ ಉಳಿಯುತ್ತಿತ್ತು. ಆದರೆ ಜಾಲರಿಗಳ ಹಿಂದೆ ಓಣಿಯೆಲ್ಲ ಕೇಳುತ್ತಿದೆ. ಮೂರು ತಲೆಮಾರಿನ ಓಣಿಯವನು, ಮಾತಿನ ಒಳಗು ಓದುವವನು, ಒಬ್ಬ ಹಳ್ಳಿ ಮುದುಕಿಯ ನೆಟ್ಟಗಿನ ಮಾತನ್ನು ಓದಲಾರದೆ ಹೋದ ಎಂದಾಗುತ್ತದೆ. ಅವನ ನಾಲಿಗೆ ಅವನಿಗಿಂತ ಮುಂದೆ ಓಡಿತು.

"ನಾನೊಬ್ಬನೇ ಅಲ್ಲ ತಪ್ಪು ತಿಳಿದದ್ದು. ಇಡೀ ಓಣಿ ನಿಮ್ಮನ್ನ ಸೂಜಿ ಅಂತ ಕರೆಯುತ್ತೆ. ಗೊತ್ತಾ?"

"ಸೂಜಿ?"

"ನಗ್ತಾ ನಗ್ತಾ ಚುಚ್ಚೋಳು ಅಂತ. ಮಾಕಿತಾ ಮಗಳು ಹಾಡು ಯಾಕೆ ಬಿಟ್ಟಳು ಅಂದ್ಕೊಂಡ್ರಿ? ಹಾಡು ಕೇಳಿದ್ರೆ ಒಲೆ ಮೇಲಿಟ್ಟದ್ದು ಮರೆಯುತ್ತೆ ಅಂದ್ರಲ್ಲ, ಅದಕ್ಕೆ. ಹುಡುಗಿ ಮೂರು ದಿನ ಅತ್ತಳು. ನಮ್ಮಮ್ಮ ಉಪ್ಪಿನಕಾಯಿ ಯಾಕೆ ಕಳಿಸಲಿಲ್ಲ? ನೀವು ಹೊಗಳಿದ್ರಿ, ಅದಕ್ಕೆ. ನೀವು ಬಾಯಿ ತೆರೆದ್ರೆ ಸಾಕು, ಯಾರ ಮನೇಲೋ ಏನೋ ಒಂದು ನಿಲ್ಲುತ್ತೆ. ಐವತ್ತು ವರ್ಷದಿಂದ."

ಹೇಳಿ ಮುಗಿದ ಮೇಲೆ ಅವನಿಗೆ ತನ್ನ ದನಿ ಕೇಳಿಸಿತು. ಅಜ್ಜಿಯ ಕಣ್ಣು ಮಾಕಿತಾ ಮನೆಯ ಜಾಲರಿಯ ಕಡೆ ಹೋಯಿತು. ಅಲ್ಲಿ ಹಿಂದೆ ನಿಂತಿದ್ದ ಯಾರೋ ಸರಕ್ಕನೆ ಒಳಗೆ ಸರಿದ ಸದ್ದಾಯಿತು. ಅದು ಅವಳಿಗೆ ಕೇಳಿಸಿರಲಾರದು.

"ಆ ಹುಡುಗಿ ಬಾಳ ಚಲೋ ಹಾಡ್ತಿತ್ತು," ಅಂದಳು, ಯಾರಿಗೂ ಅಲ್ಲದ ಹಾಗೆ. "ಊರು ಬಿಟ್ಟು ಬಂದ ಮ್ಯಾಲೆ ನನಗ ಹಿಡಿಸಿದ್ದು ಅದೊಂದ ಇತ್ತು. ಯಾಕ ಬಿಟ್ಟಿತು ಅಂತ ನಾ ಎಷ್ಟು ವರ್ಷ ತಿಳಕೊಂಡೇನಿ, ಮದುವಿ ಆಗಿ ಹೋತೇನೋ ಅಂತ."

"ಈ ತಿಂಗಳ ಕೊನಿಗೆ ಗಾಡಿ ತೆಗಿ," ಅಂದಳು. ತಿರುಗಿ ನೋಡದೆ ಒಳಗೆ ಹೋದಳು.

ಆ ದಿನ ರಿತ್ಸುಕೊ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಮುಚ್ಕೊಂಡಿದ್ರೆ ಜಾಗ ಉಳೀತಿತ್ತು" ಎಂದು ಒಂದೇ ಮಾತು ಅಂದು ಬಟ್ಟೆ ಒಗೆಯಲು ಹೋದಳು. ಓಣಿಯಲ್ಲಿ ಜನ ಅವನನ್ನು ಕಂಡರೆ ಹವೆಯ ಬಗ್ಗೆ ಮಾತಾಡಿ ಸರಿದರು. ತಾವು ಐವತ್ತು ವರ್ಷ ತಪ್ಪು ಓದಿದ್ದನ್ನು ಅಷ್ಟು ಜೋರಾಗಿ ಕೂಗಿ ಹೇಳಿದವನನ್ನು ಯಾರೂ ಕ್ಷಮಿಸುವಂತಿರಲಿಲ್ಲ. ಮಾಕಿತಾ ಮನೆಯಾಕೆಯಂತೂ ಅವನು ತೆಗೆದುಕೊಂಡು ಹೋಗಿದ್ದ ಎರಡು ಕೊಳವೆಗಳ ಬಗ್ಗೆ, "ನಮಗೆ ಬೇಡದ್ದು ನಿಮ್ಮ ಉಪಯೋಗಕ್ಕೆ ಬಂತಲ್ಲ" ಅಂದಳು. ಅಂದರೆ, ಕದ್ದೆ ಅಂತ.

ಅವನು ನೆಟ್ಟನೆಯ ಕೊಳವೆ ಬಿಚ್ಚಿ, ಪೀಪಾಯಿ, ತಗಡು, ಪಕ್ಕದ ಕೊಳವೆ ಎಲ್ಲವನ್ನೂ ಮೊದಲಿನಂತೆ ಕೂಡಿಸಿದ. ಮೊದಲಿನ ದನಿ ಬಂತು. ಬೆಳಗ್ಗೆ ಏಳೂವರೆಗೆ ಕಾರು ತೆಗೆದು, ಬೇಕೆಂದೇ ಒಂದು ನಿಮಿಷ ನಿಲ್ಲಿಸಿಕೊಂಡು ಕಾದ. ಕಿಟಕಿ ಸರಿಯಲಿಲ್ಲ. ಮರುದಿನವೂ ಸರಿಯಲಿಲ್ಲ. ಆ ವಾರ ಮೂರು ಕಡೆ ಜಾಗ ಕೇಳಿಬಂದ. ಎರಡು ಕಡೆ ಖಾಲಿಯಿಲ್ಲ. ಮೂರನೆಯದರ ಬಾಡಿಗೆ ಕೇಳಿ ರಿತ್ಸುಕೊ ನಕ್ಕಳು, ಅದು ನಗುವಲ್ಲ. ಕಾರು ಕೊಳ್ಳಲು ಶಿಗಾ ಕಡೆಯ ಒಬ್ಬ ಮನುಷ್ಯ ಬಹಳ ದಿನದಿಂದ ಕೇಳುತ್ತಿದ್ದ. ಮಿತ್ಸುರು ಅವನಿಗೆ ಫೋನ್ ಮಾಡಲಿಲ್ಲ.

ತಿಂಗಳು ಮುಗಿಯಲು ಮೂರು ದಿನವಿರುವಾಗ, ಎತ್ತಿಟ್ಟಿದ್ದ ಕಪ್ಪು ಅಂಗಿ ಹಾಕಿಕೊಂಡು, ಒಳ್ಳೆಯ ಅಂಗಡಿಯಿಂದ ಕೆಂಪು ಕಾಳಿನ ಸಿಹಿ ಒಂದು ಪೆಟ್ಟಿಗೆ ಕಟ್ಟಿಸಿಕೊಂಡು ಅಜ್ಜಿಯ ಬಾಗಿಲಿಗೆ ಹೋದ. ಗಂಟೆ ಒತ್ತಿ, ಅದು ಅವಳಿಗೆ ಕೇಳುವುದಿಲ್ಲವೆಂದು ನೆನಪಾಗಿ, ಬಾಗಿಲಿನ ಚೌಕಟ್ಟನ್ನು ಅಂಗೈಯಿಂದ ತಟ್ಟಿದ. ಅವಳು ಬಂದಳು. ಜಗಲಿಯ ಒಳಗೆ ಕರೆಯಲಿಲ್ಲ. ಹೊಸದಾಗಿ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟಿದ್ದಳು.

ಮಿತ್ಸುರು ಅಲ್ಲೇ ನಿಂತು ಮಾತಾಡಿದ. ಬಣ್ಣ ಹಚ್ಚದೆ ಮಾತಾಡುವುದು ಅವನಿಗೆ ಅಭ್ಯಾಸವಿರಲಿಲ್ಲ. ಒಂದೊಂದು ಮಾತನ್ನೂ ಎತ್ತಿ ಇಡಬೇಕಾಯಿತು.

"ತಪ್ಪು ನಂದು ಇಕುತಾ-ಸಾನ್. ಆ ದನಿ ನಾನು ಮೂರು ವಾರ ಮಲಗಿ ಎದ್ದು ಕಟ್ಟಿದ್ದು. ಅದನ್ನ ಚೆನ್ನಾಗಿದೆ ಅಂದವರು ನೀವೊಬ್ಬರೇ. ನನ್ನ ಹೆಂಡತಿ ಕೂಡ ಅನ್ಲಿಲ್ಲ. ಅಂದವರನ್ನೇ ನಾನು ಓಣಿ ಮುಂದೆ ನಿಲ್ಲಿಸಿ... ಹುಡುಗಿ ವಿಷಯ ಹೇಳಬಾರದಿತ್ತು. ಅದು ನಿಮ್ಮ ತಪ್ಪಲ್ಲ, ನಮ್ಮದು. ಮತ್ತೆ ಮೊದಲಿನದನ್ನೇ ಹಾಕಿದೀನಿ. ಜಾಗ ನನಗೇ ಇರಲಿ ಅಂತ ಕೇಳೋಕೆ ಬಂದಿದೀನಿ, ಸುಳ್ಳು ಹೇಳಲ್ಲ. ಆದರೆ ಅದಕ್ಕಷ್ಟೇ ಬಂದದ್ದಲ್ಲ."

ಅಜ್ಜಿ ಅವನ ತುಟಿಗಳನ್ನೇ ನೋಡುತ್ತ ಕೇಳಿದಳು. ಕೇಳಿ ಆದ ಮೇಲೂ ಸ್ವಲ್ಪ ಹೊತ್ತು ನೋಡಿದಳು. ಕೊಂಡ ಸಾಮಾನನ್ನು ಬೆಳಕಿಗೆ ಹಿಡಿದು ಹಿಂದುಮುಂದು ತಿರುಗಿಸುವವರ ಹಾಗೆ ಅವನ ಮಾತನ್ನು ಒಳಗೆ ತಿರುಗಿಸಿ ನೋಡುತ್ತಿದ್ದಳು.

"ಇದರೊಳಗ ಏನದ?" ಎಂದು ಕೇಳಿದಳು, ಮೆಲ್ಲಗೆ, ತನ್ನೂರಿನ ಮಾತಿನಲ್ಲಿ.

"ಏನೂ ಇಲ್ಲ. ಇದ್ದದ್ದು ಅಷ್ಟೇ."

"ಅಷ್ಟ ಹೆಂಗ ಇರ್ತದ? ನಿಮ್ಮಾಗ ಅಷ್ಟ ಇರೂದಿಲ್ಲಲ್ಲ. ನೀನ ಹೇಳಿದಿ."

ಆಣೆ ಮಾಡಿದರೆ ಆಣೆಯೊಳಗೂ ಅವಳು ಹುಡುಕುತ್ತಾಳೆ. ಹುಡುಕುವುದನ್ನು ಕಲಿಸಿದವನು ತಾನೇ. ಸಿಹಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

ಅಜ್ಜಿ ಅದನ್ನು ಮುಟ್ಟಲಿಲ್ಲ. ಬೆನ್ನು ನೆಟ್ಟಗೆ ಮಾಡಿದಳು, ಏಪ್ರನ್ ಸರಿಪಡಿಸಿಕೊಂಡಳು, ನಕ್ಕಳು. ಬಾಯಿಂದ ಬಂದದ್ದು ಓಣಿಯ ಅಚ್ಚ ಮಾತು, ಒಂದು ಅಕ್ಷರವೂ ಕೊಂಕಿಲ್ಲದೆ.

"ಕುಜೆ-ಸಾನ್ ಮಾತು ಅಂದ್ರೆ ಮಾತು. ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ. ಕೈತುಂಬ ಕೆಲಸ ಇರೋರು, ನನ್ನಂಥ ಮುದುಕಿಗಾಗಿ ಅದೆಲ್ಲ ಬಿಟ್ಟು ಇಷ್ಟು ಹೊತ್ತು ನಿಂತ್ರಲ್ಲ."

ಮಿತ್ಸುರುವಿಗೆ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಬಾಗಿಲು ತೆರೆದೇ ಇತ್ತು. ಅವಳು ನಗುತ್ತಲೇ ನಿಂತಿದ್ದಳು, ಅವನು ಹೋಗುವುದನ್ನು ಕಾಯುತ್ತ. ಓಣಿಯ ಮಾತನ್ನು ಓಣಿಯವರ ಅರ್ಥದಲ್ಲೇ ಅವಳು ಆಡಿದ್ದು ಐವತ್ತೊಂದು ವರ್ಷದಲ್ಲಿ ಅದೇ ಮೊದಲು, ಮತ್ತು ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಅವನು ತಲೆ ಬಾಗಿಸಿದ, ಮರ್ಯಾದೆ ಬೇಡುವಷ್ಟು ಬಾಗಿಸಿ, ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದ.

"ಏನಂದ್ರು?" ಅಂದಳು ರಿತ್ಸುಕೊ.

ಅವನು ಅಜ್ಜಿ ಅಂದದ್ದನ್ನು ಅಕ್ಷರ ಬಿಡದೆ ಹೇಳಿದ. ರಿತ್ಸುಕೊ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಅವಳಿಗೆ ಬಿಡಿಸಿ ಹೇಳಬೇಕಾದ್ದಿರಲಿಲ್ಲ. ಫೋನನ್ನು ಅವನ ಮುಂದೆ ಸರಿಸಿದಳು.

"ಶಿಗಾದವರು ಮನಸ್ಸು ಬದಲಾಯಿಸೋದ್ರೊಳಗೆ ಮಾತಾಡಿ," ಅಂದಳು.